ಅಂಚಿನಲ್ಲಿ ಬರೆದ ಟಿಪ್ಪಣಿಗಳು

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯ ಹಜಾರದಲ್ಲಿ, ಕಳೆದ ಬೇಸಗೆಯ ಒಂದು ಭಾನುವಾರ ಬೆಳಗ್ಗೆ, ಚಾಪೆಯ ಮೇಲೆ ಹರಡಿದ್ದ ಪುಸ್ತಕಗಳ ನಡುವೆ ನನ್ನ ಕೈಗೆ ಬಂದುದು ಮೂರನೆಯ ತರಗತಿಯ ಗಣಿತದ ಒಂದು ಪಠ್ಯಪುಸ್ತಕ. ಅದರ ರಟ್ಟು ಎಂದೋ ಕಿತ್ತುಹೋಗಿತ್ತು. ಕಂದು ಕಾಗದದ ಹೊಸ ಹೊದಿಕೆಯನ್ನು ಮೈದಾಹಿಟ್ಟಿನ ಅಂಟಿನಿಂದ ಹಚ್ಚಿದ್ದರು. ಒಳಗೆ ಪುಟಪುಟದ ಅಂಚಿನಲ್ಲಿಯೂ ಮೂರು ಬೇರೆ ಬೇರೆ ಕೈಗಳ ಬರಹವಿತ್ತು: ಒಂದು ಪೆನ್ಸಿಲಿನದು, ಒಂದು ನೀಲಿ ಮಸಿಯದು, ಇನ್ನೊಂದು ಹಸಿರು ಮಸಿಯದು. ತೂಕದ ಪಾಠದ ಪಕ್ಕದಲ್ಲಿ ಪೆನ್ಸಿಲಿನ ಕೈ ಬರೆದಿತ್ತು: ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಈ ಪಾಠವನ್ನು ಈಗ ತೆಗೆಯಬೇಡಿ, ಬರಿಯ ಚಿತ್ರ ನೋಡಿ ಮಗುವಿಗೆ ಏನೂ ತಿಳಿಯುವುದಿಲ್ಲ. ಅದರ ಕೆಳಗೆ ನೀಲಿ ಮಸಿ: ಬಟ್ಟೆ ತೂಗುಹಾಕುವ ಹ್ಯಾಂಗರಿನ ಎರಡು ತುದಿಗೆ ಎರಡು ತೆಂಗಿನ ಚಿಪ್ಪು ಕಟ್ಟಿದೆವು, ಸಾಕಾಯಿತು. ಕಳೆಯುವ ಲೆಕ್ಕದ ಪುಟದಲ್ಲಿ ಹಸಿರು ಮಸಿ: ಇಲ್ಲಿ ಅತ್ತಳು, ಎರಡು ದಿನ ಪುಸ್ತಕ ತೆಗೆಯಲಿಲ್ಲ, ಮೂರನೆಯ ದಿನ ಹುಣಸೆಬೀಜ ಹಿಡಿದು ಕುಳಿತೆವು, ದಶಕ ಒಡೆಯುವುದು ತಾನಾಗಿ ಹೊಳೆಯಿತು.

ಸರ್ಕಾರವು ಅಚ್ಚುಹಾಕಿಸಿ ಸಹಸ್ರಾರು ಮಕ್ಕಳ ಕೈಗಿತ್ತ ಪುಸ್ತಕವೇ ಅದು. ಅದರ ಹೊಸ ಪ್ರತಿಯನ್ನು ಪಡೆಯುವುದು ಯಾರಿಗೂ ಕಷ್ಟವಲ್ಲ. ಆದರೆ ಮೂರು ಮನೆಗಳನ್ನು ಹಾದು, ಮೂವರು ತಾಯಂದಿರ ತಾಳ್ಮೆಯನ್ನೂ ಮೂರು ಮಕ್ಕಳ ಅಳುನಗೆಗಳನ್ನೂ ಕಂಡು ಬಂದ ಆ ಹರಕು ಪ್ರತಿಯ ಮುಂದೆ ಹೊಸ ಪ್ರತಿಯು ಏನೂ ಅಲ್ಲವೆಂದು, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕುಳಿತ ಮೇಲೆ, ನನಗೆ ದೃಢವಾಗಿ ಅನ್ನಿಸಿತು. ಈ ಲೇಖನದಲ್ಲಿ ಹೇಳಬೇಕೆಂದಿರುವುದೂ ಬಹುಮಟ್ಟಿಗೆ ಅದನ್ನೇ.

ಆ ಹಜಾರದಲ್ಲಿ ಸೇರಿದ್ದವರು ಹನ್ನೆರಡು ಹದಿಮೂರು ಕುಟುಂಬಗಳವರು. ಬಹುತೇಕ ಎಲ್ಲರೂ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುತ್ತಿರುವವರು. ಒಬ್ಬೊಬ್ಬರನ್ನು ಈ ದಾರಿಗೆ ತಂದ ಕಾರಣ ಒಂದೊಂದು. ಒಬ್ಬರ ಮಗನಿಗೆ ಅಕ್ಷರಗಳು ಕಣ್ಣಮುಂದೆ ಕಲಸಿಹೋಗುವ ತೊಂದರೆಯುಂಟಾಗಿ, ನಲವತ್ತು ಮಕ್ಕಳ ತರಗತಿಯಲ್ಲಿ ಅವನಿಗಾಗಿ ಯಾರೂ ನಿಲ್ಲುವಂತಿರಲಿಲ್ಲ. ಇನ್ನೊಬ್ಬರಿಗೆ ಎರಡು ವರ್ಷಕ್ಕೊಮ್ಮೆ ವರ್ಗವಾಗುವ ಕೆಲಸ. 2020ರ ಮಾರ್ಚಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಅನಿವಾರ್ಯವಾಗಿ ಆರಂಭಿಸಿದ ಪಾಠವನ್ನು, ಬಾಗಿಲು ಮತ್ತೆ ತೆರೆದ ಮೇಲೂ ಬಿಡಲು ಮನಸ್ಸಾಗದೆ ಮುಂದುವರಿಸಿದವರು ಇಬ್ಬರು. ತಾವು ಬಂದುದು ಪಠ್ಯಸಾಮಗ್ರಿಯ ವಿನಿಮಯಕ್ಕೆಂದು ಎಲ್ಲರೂ ಹೇಳಿದರು; ಅದಕ್ಕೆ ತಕ್ಕಂತೆ ಮೊದಲ ಮುಕ್ಕಾಲು ಗಂಟೆ ಯಾವ ಪುಸ್ತಕ ಎಲ್ಲಿ ಸಿಕ್ಕುತ್ತದೆ, ಯಾವ ಕ್ರಮದಲ್ಲಿ ಓದಿಸಬೇಕು, ಯಾವ ತರಗತಿಗೆ ಯಾವುದು ಸಲ್ಲುತ್ತದೆ ಎಂಬ ಮಾತೇ ನಡೆಯಿತು. ಆಮೇಲೆ, ಯಾರೂ ಬೇಕೆಂದು ತಿರುಗಿಸದಿದ್ದರೂ, ಮಾತು ಬೇರೊಂದು ಕಡೆಗೆ ಹರಿಯಿತು: ಎಂಟು ವರ್ಷದವಳಿಗೆ ಪಾಠ ಹೇಳುವಾಗ ಮೂರು ವರ್ಷದವನನ್ನು ಏನು ಮಾಡಬೇಕು? ಮದುವೆಮನೆಯಲ್ಲಿ ನೆಂಟರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಹದಿನೇಳರ ಮಗ್ಗಿ ಕೇಳಿದರೆ ಏನು ಹೇಳಬೇಕು? ಕಲಿಸುವ ತಾಯಿಗೇ ಜ್ವರ ಬಂದ ವಾರ ಏನಾಗಬೇಕು? ಅಂದಿನ ಸಭೆಯಲ್ಲಿ ಅತ್ಯಂತ ಗಂಭೀರವಾಗಿ, ಅತ್ಯಂತ ಹೊತ್ತು ನಡೆದ ಚರ್ಚೆ ಇದು. ಹೊರಗಿನಿಂದ ನೋಡುವವರು ಇದನ್ನು ಶಿಕ್ಷಣದ ಚರ್ಚೆಯೆಂದು ಗುರುತಿಸದೆ ಹೋಗಬಹುದು.

ಹೊರಗಿನವರು ಮೊದಲು ಕೇಳುವ ಪ್ರಶ್ನೆ ಕಾನೂನಿನದಾದ್ದರಿಂದ ಅದನ್ನು ಇಲ್ಲಿಯೇ ಹೇಳಿ ಮುಗಿಸುವುದು ಒಳ್ಳೆಯದು. ಸಂವಿಧಾನಕ್ಕೆ 2002ರಲ್ಲಿ ಆದ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿ, ಆ ಶಿಕ್ಷಣಕ್ಕೆ ಅವಕಾಶವನ್ನು ಕಲ್ಪಿಸಿಕೊಡುವುದು ತಂದೆತಾಯಿಗಳ ಕರ್ತವ್ಯವೆಂದೂ ಸೇರಿಸಿತು. ಅದನ್ನು ಅನುಸರಿಸಿ ಬಂದ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ ಹತ್ತನೆಯ ಸೆಕ್ಷನ್ನು ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆನ್ನುತ್ತದೆ. ಆದರೆ ಸೇರಿಸದವರಿಗೆ ಕಾಯಿದೆಯಲ್ಲಿ ದಂಡನೆ ಇಲ್ಲ, ಮನೆಯ ಕಲಿಕೆಯ ಹೆಸರನ್ನೂ ಅದು ಎತ್ತುವುದಿಲ್ಲ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾದುದರಿಂದ ಮನೆಯ ಕಲಿಕೆಗೆ ಎಡೆಯೇ ಇಲ್ಲ. ಅಮೆರಿಕದ ಸಂಸ್ಥಾನಗಳೆಲ್ಲ ಅದನ್ನು ಒಪ್ಪಿವೆ. ನಮ್ಮ ಕಾಯಿದೆ ಈ ಎರಡರ ನಡುವೆ ಮೌನವಾಗಿ ನಿಂತಿದೆ. ಅದೇ ಕಾಯಿದೆಯ ನಾಲ್ಕನೆಯ ಸೆಕ್ಷನ್ನಿನಲ್ಲಿ ಈ ತಂದೆತಾಯಿಗಳು ನೆನಪಿನಲ್ಲಿಡಬೇಕಾದ ಒಂದು ಮಾತುಂಟು: ಆರು ವರ್ಷ ಮೀರಿಯೂ ಶಾಲೆಗೆ ಸೇರದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳತಕ್ಕದ್ದು. ಮನೆಯಲ್ಲಿ ಎರಡು ವರ್ಷ ಕಲಿಸಿ, ತಮ್ಮಿಂದ ಆಗದೆಂದು ಕಂಡವರಿಗೆ ಹಿಂತಿರುಗುವ ಬಾಗಿಲು ತೆರೆದೇ ಇದೆ. ಆ ಬಾಗಿಲನ್ನು ಹಿಡಿದು ಹಿಂತಿರುಗುವುದರಲ್ಲಿ ಸೋಲೇನೂ ಇಲ್ಲವೆಂದು, ಹಾಗೆ ಹಿಂತಿರುಗಿದ ತಾಯಿಯೊಬ್ಬರು ಅಂದು ಎಲ್ಲರ ಮುಂದೆ ಹೇಳಿದರು. ಅವರನ್ನು ಆ ಕೂಟಕ್ಕೆ ಈಗಲೂ ಕರೆಯುತ್ತಾರೆಂಬುದು ನನಗೆ ಬಹಳ ಹಿಡಿಸಿತು.

ಮನೆಯಲ್ಲಿ ಕಲಿಸುವವರು ಒಬ್ಬರಿಗೊಬ್ಬರು ಒತ್ತಾಸೆಯಾಗಿ ನಿಲ್ಲುವ ಪದ್ಧತಿ ಈಚಿನದಲ್ಲ. ಇಂಗ್ಲೆಂಡಿನ ಸರೋವರ ಪ್ರಾಂತ್ಯದ ಆಂಬಲ್‌ಸೈಡ್ ಎಂಬ ಪುಟ್ಟ ಊರಿನಲ್ಲಿ ಮುಂದೆ ನೆಲೆಸಿದ ಷಾರ್ಲಟ್ ಮೇಸನ್ 1886ರಲ್ಲಿ ಗೃಹಶಿಕ್ಷಣವನ್ನು ಕುರಿತ ತನ್ನ ಮೊದಲ ಗ್ರಂಥವನ್ನು ಪ್ರಕಟಿಸಿದಳು. 1890ರಿಂದ ತಂದೆತಾಯಿಗಳಿಗಾಗಿಯೇ ಒಂದು ಮಾಸಪತ್ರಿಕೆಯನ್ನು ನಡೆಸಿದಳು. ಅಂಚೆಯ ಮೂಲಕವೇ ನಡೆಯುವ ಒಂದು ಶಾಲೆಯನ್ನು ಕಟ್ಟಿ, ಪ್ರತಿ ಅವಧಿಗೂ ಯಾವ ಪುಸ್ತಕದ ಯಾವ ಪುಟಗಳನ್ನು ಓದಿಸಬೇಕೆಂಬ ಪಟ್ಟಿಯನ್ನು ಮನೆಮನೆಗೆ ಕಳುಹಿಸಿ, ಅವಧಿಯ ಕೊನೆಯಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ತರಿಸಿಕೊಂಡು ನೋಡುವ ಏರ್ಪಾಡು ಮಾಡಿದಳು. ಆ ಪಟ್ಟಿಗಳು ಸಮುದ್ರವನ್ನು ದಾಟಿ, ನಮ್ಮ ದೇಶದಲ್ಲಿ ಅಧಿಕಾರಿಗಳಾಗಿದ್ದ ಆಂಗ್ಲರ ಬಂಗಲೆಗಳಿಗೂ ಬರುತ್ತಿದ್ದವು. ಎಂಟು ವರ್ಷದೊಳಗಿನ ಮಗುವಿಗೆ ಯಾವ ಪಾಠವೂ ಇಪ್ಪತ್ತು ನಿಮಿಷವನ್ನು ಮೀರಬಾರದು. ಒಂದೇ ಒಂದು ಸಲ ಓದಿ ಹೇಳಿ, ಅನಂತರ ಮಗು ತನ್ನ ಮಾತಿನಲ್ಲಿ ಅದನ್ನು ಮರಳಿ ಹೇಳಬೇಕು. ಮಧ್ಯಾಹ್ನವೆಲ್ಲ ಬಯಲಿನಲ್ಲಿ ಕಳೆಯಬೇಕು. ಇವು ಅವಳ ಪದ್ಧತಿಯ ಮುಖ್ಯಾಂಶಗಳು. ಇವುಗಳಲ್ಲಿ ಎರಡನೆಯದನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಯಾವ ಗ್ರಂಥದ ಅಪ್ಪಣೆಯೂ ಇಲ್ಲದೆ ನಡೆಸುತ್ತಲೇ ಬಂದರು. ನಿನ್ನೆ ಕಥೆ ಎಲ್ಲಿಗೆ ನಿಂತಿತ್ತು, ಹೇಳು ಎಂದು ಮೊಮ್ಮಗನನ್ನು ಕೇಳಿ, ಅವನು ಹೇಳಿದ ಮೇಲೆಯೇ ಮುಂದಿನ ಕಥೆಗೆ ತೊಡಗುತ್ತಿದ್ದ ಅಜ್ಜಿಯನ್ನು ಬಲ್ಲವರಿಗೆ ಮೇಸನ್ನಳ ಮಾತು ಹೊಸದಾಗಿ ತೋರದು.

ಅಮೆರಿಕದಲ್ಲಿ ಈ ಕೆಲಸವನ್ನು ಮಾಡಿದ ಜಾನ್ ಹೋಲ್ಟ್ ಅದಕ್ಕಿಂತ ಮೊದಲು ಶಾಲೆಯ ಉಪಾಧ್ಯಾಯನಾಗಿದ್ದವನು. ಮಕ್ಕಳು ಏಕೆ ಸೋಲುತ್ತಾರೆಂಬುದನ್ನು ಕುರಿತು 1964ರಲ್ಲಿಯೂ, ಹೇಗೆ ಕಲಿಯುತ್ತಾರೆಂಬುದನ್ನು ಕುರಿತು 1967ರಲ್ಲಿಯೂ ಪುಸ್ತಕಗಳನ್ನು ಬರೆದು, ಶಾಲೆಯನ್ನು ಒಳಗಿನಿಂದ ತಿದ್ದಬಹುದೆಂಬ ಆಸೆಯನ್ನು ಕ್ರಮೇಣ ಕಳೆದುಕೊಂಡು, ಕಡೆಗೆ 1977ರಲ್ಲಿ ಬಾಸ್ಟನ್ನಿನಿಂದ ಒಂದು ಚಿಕ್ಕ ಪತ್ರಿಕೆಯನ್ನು ಹೊರಡಿಸಿದನು. ಅವನು 1985ರಲ್ಲಿ ತೀರಿಕೊಂಡ ಮೇಲೂ ಅದು 2001ರವರೆಗೆ ನಡೆಯಿತು. ಆ ಪತ್ರಿಕೆಯಲ್ಲಿ ಹೆಚ್ಚು ಸ್ಥಳವನ್ನು ತುಂಬಿದ್ದು ಪಂಡಿತರ ಲೇಖನಗಳಲ್ಲ, ತಂದೆತಾಯಿಗಳು ಬರೆದ ಕಾಗದಗಳು. ಜೊತೆಗೆ, ಈ ದಾರಿಯಲ್ಲಿರುವ ಕುಟುಂಬಗಳ ವಿಳಾಸಪಟ್ಟಿಯೊಂದನ್ನೂ ಅದು ಪ್ರಕಟಿಸುತ್ತಿತ್ತು. ಮೇಸನ್ನಳು ಕಳುಹಿಸಿದ್ದು ವ್ಯವಸ್ಥಿತವಾದ ಪಠ್ಯಪಟ್ಟಿ; ಹೋಲ್ಟ್ ಕಲೆಹಾಕಿದ್ದು ಮನೆಮನೆಯ ಅನುಭವ. ನನಗೆ ಆರಿಸಿಕೊಳ್ಳೆಂದರೆ ಎರಡನೆಯದನ್ನೇ ಆರಿಸಿಕೊಳ್ಳುವೆನು. ಪಟ್ಟಿಯನ್ನು ಹಿಡಿದ ತಾಯಿಗೆ ಇಂದು ಹದಿನಾಲ್ಕನೆಯ ಪುಟ ಮುಗಿಯಲಿಲ್ಲವೆಂಬ ಅಳುಕು ಹುಟ್ಟುತ್ತದೆ. ಇನ್ನೊಬ್ಬ ತಾಯಿಯ ಕಾಗದವನ್ನು ಓದಿದವಳಿಗೆ ಆ ಪುಟದ ಬಳಿ ಅವರ ಮಗುವೂ ನಿಂತುಬಿಟ್ಟಿತ್ತೆಂದು ತಿಳಿದು ಧೈರ್ಯ ಬರುತ್ತದೆ.

ಕನ್ನಡದಲ್ಲಿ ಕಲಿಸಬೇಕೆಂಬ ಕುಟುಂಬಗಳ ಪಾಡು ಸ್ವಲ್ಪ ಬೇರೆ. ಈ ಬಗೆಯ ಕಲಿಕೆಗಾಗಿ ಜಗತ್ತಿನಲ್ಲಿ ಸಿದ್ಧವಾಗಿರುವ ಸಾಮಗ್ರಿಯ ಬಹುಭಾಗ ಇಂಗ್ಲಿಷಿನಲ್ಲಿರುವುದರಿಂದ, ಅದನ್ನೇ ಹಿಡಿದು ಹೊರಟ ಮನೆಗಳಲ್ಲಿ ಮಗು ನೋಡದ ಹಕ್ಕಿಯ ಹೆಸರನ್ನೂ ಉಣ್ಣದ ಹಣ್ಣಿನ ಹೆಸರನ್ನೂ ಕಲಿತು, ಹಿತ್ತಲಿನಲ್ಲಿ ಕೂಗುವ ಮಡಿವಾಳ ಹಕ್ಕಿಯನ್ನು ಗುರುತಿಸದೆ ಬೆಳೆಯುವುದುಂಟು. ಇದು ನನಗೆ ನಿಜವಾಗಿ ನೋವುಂಟುಮಾಡುವ ಸಂಗತಿ. ಹುಡುಕಿದವರಿಗೆ ಕನ್ನಡದಲ್ಲಿ ದಾರಿದ್ರ್ಯವೇನೂ ಇಲ್ಲ. ಪುತ್ತೂರಿನ ಬಾಲವನದ ಶಿವರಾಮ ಕಾರಂತರು ಒಬ್ಬರೇ ಕುಳಿತು ಮೂರು ಸಂಪುಟಗಳಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ವೆಂಬ ವಿಶ್ವಕೋಶವನ್ನು ರಚಿಸಿದ್ದು 1930ರ ದಶಕದಲ್ಲಿ. ಅದರ ಎಷ್ಟೋ ವಿಷಯಗಳು ಇಂದಿಗೆ ಹಳತಾಗಿದ್ದರೂ, ಮಗುವಿನ ಮುಂದೆ ಲೋಕವನ್ನೆಲ್ಲ ಕನ್ನಡದಲ್ಲಿ ಹರಡಬಹುದೆಂಬ ಆ ಧೈರ್ಯವು ಹಳತಾಗಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಿಂದ ತಮ್ಮ ಚಿತ್ರಕಥೆಗಳನ್ನು ಯಾರು ಬೇಕಾದರೂ ಓದಲು, ಅನುವಾದಿಸಲು, ಅಚ್ಚುಮಾಡಿಕೊಳ್ಳಲು ಮುಕ್ತವಾಗಿ ಬಿಟ್ಟಿರುವುದರಿಂದ, ಆ ಹಜಾರದಲ್ಲಿದ್ದ ಒಬ್ಬ ತಂದೆ ಎರಡು ಕಥೆಗಳನ್ನು ತಮ್ಮ ಕುಂದಾಪುರದ ಕನ್ನಡಕ್ಕೆ ತಿರುಗಿಸಿ, ಅಚ್ಚುಹಾಕಿ, ಹೊಲಿದು ತಂದಿದ್ದರು.

ಅರವಿಂದ ಗುಪ್ತರ ಕಥೆಯೂ ಇದಕ್ಕೆ ಸೇರತಕ್ಕದ್ದು. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿ ಕಾರ್ಖಾನೆಯ ಕೆಲಸದಲ್ಲಿದ್ದ ಅವರು, ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ ನಡೆಯುತ್ತಿದ್ದ ಗ್ರಾಮೀಣ ಶಾಲೆಗಳ ವಿಜ್ಞಾನ ಕಾರ್ಯಕ್ರಮವನ್ನು ನೋಡಲು ಹೋಗಿ, ಅಲ್ಲಿನ ವಾರದ ಸಂತೆಯಲ್ಲಿ ಸಿಕ್ಕಿದ ಸೈಕಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ಆಕೃತಿಗಳನ್ನು ಕಟ್ಟುವ ವಿಧಾನವನ್ನು ಕಂಡುಕೊಂಡರು. ಮೂರು ಕಡ್ಡಿಗಳ ತ್ರಿಕೋನವನ್ನು ಎಷ್ಟು ಅದುಮಿದರೂ ಅದು ಸೊಟ್ಟಗಾಗದು. ನಾಲ್ಕು ಕಡ್ಡಿಗಳ ಚೌಕವಾದರೋ ಮುಟ್ಟಿದೊಡನೆ ಓರೆಯಾಗಿ ಕುಸಿಯುವುದು. ಛಾವಣಿಯ ತೊಲೆಗಳಿಗೂ ರೈಲ್ವೆ ಸೇತುವೆಗಳಿಗೂ ತ್ರಿಕೋನದ ಕಟ್ಟು ಏಕೆಂಬುದನ್ನು ಏಳು ವರ್ಷದ ಮಗುವಿನ ಬೆರಳಿಗೆ ತಿಳಿಸಿಕೊಡಲು ಇದಕ್ಕಿಂತ ಅಗ್ಗದ ಉಪಕರಣ ಇರಲಾರದು.

ಅಕ್ಷರವನ್ನು ಕಲಿಸುವ ಬಗೆಯಲ್ಲಿ ಅಂದು ಒಬ್ಬ ನಿವೃತ್ತ ಉಪಾಧ್ಯಾಯಿನಿ ಹೇಳಿದ ಮಾತನ್ನು ಎಲ್ಲರೂ ಬರೆದುಕೊಂಡರು. ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಹೊರಟರೆ, ಋಕಾರವನ್ನೂ ಅನುನಾಸಿಕಗಳನ್ನೂ ದಾಟಿ ಮಗು ತನ್ನ ಮೊದಲ ಪದವನ್ನು ತಾನಾಗಿ ಓದುವ ಹೊತ್ತಿಗೆ ತಿಂಗಳುಗಳೇ ಕಳೆಯುತ್ತವೆ. ನಮ್ಮ ಒಂದನೆಯ ತರಗತಿಯ ಉಪಾಧ್ಯಾಯರು ಬಹುಕಾಲದಿಂದ ಬಳಸುತ್ತಿರುವ ರ ಗ ಸ ದ ಅ ಎಂಬ ಕ್ರಮವನ್ನು ಹಿಡಿದರೆ, ಬರೆಯುವುದಕ್ಕೆ ಸುಲಭವಾದ ಆ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ, ಸರಸರ ಎಂಬಿಷ್ಟು ಪದಗಳು ಮೊದಲ ವಾರದಲ್ಲಿಯೇ ಮಗುವಿನ ವಶವಾಗುತ್ತವೆ. ಅನಂತರ ಜ ವ ಮ ಬ ನ. ವಕಾರಕ್ಕೆ ಒಂದು ಬಾಲ ಬಂದರೆ ಮಕಾರವೆಂದು ಮಗುವೇ ಕೂಗಿ ಹೇಳುವ ದಿನವನ್ನು ಕಾಯಿರಿ, ನೀವಾಗಿ ಹೇಳಬೇಡಿರಿ ಎಂದು ಆಕೆ ಒತ್ತಿ ಒತ್ತಿ ಹೇಳಿದರು. ಮಗುವಿಗಿಂತ ಮೊದಲು ಬಾಯಿ ತೆರೆಯದೆ ಇರುವ ಈ ಸಂಯಮವು ಯಾವ ಪಠ್ಯಕ್ರಮದಲ್ಲಿಯೂ ಅಚ್ಚಾಗಿಲ್ಲ. ನಲವತ್ತು ವರ್ಷ ಮಕ್ಕಳ ಜೊತೆಯಲ್ಲಿದ್ದವರಿಂದಲೇ ಅದು ದೊರೆಯಬೇಕು.

ಇನ್ನೊಂದನ್ನು ನಾನೇ ಕಣ್ಣಾರೆ ಕಂಡೆ. ಮನೆಯೊಡತಿಯ ಮಗಳು, ಒಂಬತ್ತು ವರ್ಷದವಳು, ಅಂಗಳದಲ್ಲಿ ಬೆಳಗಿನ ಚುಕ್ಕಿರಂಗೋಲಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ಏಳರಿಂದ ಒಂದರ ತನಕದ ನೇರ ಚುಕ್ಕಿಯದು: ನಡುವಿನ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ 5, ಆಮೇಲೆ 3, ತುದಿಯಲ್ಲಿ 1. ಒಟ್ಟು ಎಷ್ಟು ಚುಕ್ಕಿ ಎಂದು ಕೇಳಿದೆನು. ಅವಳು ಸಾಲುಸಾಲಾಗಿ ಕೂಡಿ 25 ಎಂದಳು. ಅಷ್ಟಕ್ಕೇ ಬಿಡದೆ ಕತ್ತನ್ನು ಓರೆಮಾಡಿ ಸ್ವಲ್ಪ ಹೊತ್ತು ನೋಡಿ, ಓರೆಯಾಗಿ ಎಣಿಸಿದರೆ ಬೇರೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದಳು: 4, 3, 4, 3, 4, 3, 4. ನಾಲ್ಕರ ಸಾಲುಗಳು ನಾಲ್ಕು, ಮೂರರ ಸಾಲುಗಳು ಮೂರು. ನಾಲ್ಕು ನಾಲ್ಕಲ ಹದಿನಾರು, ಮೂರು ಮೂರಲ ಒಂಬತ್ತು, ಕೂಡಿದರೆ ಅದೇ 25! ಒಂದರಿಂದ ಏಳರವರೆಗಿನ ಬೆಸ ಸಂಖ್ಯೆಗಳನ್ನು ಕೂಡಿದರೆ ನಾಲ್ಕರ ವರ್ಗ ಬರುತ್ತದೆಂಬುದೂ, ಒಂದರಿಂದ ಐದರವರೆಗಿನವನ್ನು ಕೂಡಿದರೆ ಮೂರರ ವರ್ಗ ಬರುತ್ತದೆಂಬುದೂ, ಆ ಎರಡು ವರ್ಗಗಳ ಮೊತ್ತ ಐದರ ವರ್ಗಕ್ಕೆ ಸಮನೆಂಬುದೂ ಆ ಒಂದು ರಂಗೋಲಿಯಲ್ಲಿ ಅಡಗಿದ್ದವು. ಪ್ರೌಢಶಾಲೆಯಲ್ಲಿ ಲಂಬಕೋನ ತ್ರಿಭುಜದ ಪ್ರಮೇಯವನ್ನು ಓದುವಾಗ ಅವಳಿಗೆ 3, 4, 5 ಎಂಬ ಸಂಖ್ಯೆಗಳು ಹಳೆಯ ಗೆಳತಿಯರಂತೆ ಎದುರಾದಾವು. ಅವಳ ತಾಯಿ ಒಳಗಿನಿಂದ ಬಂದು ನೋಡಿ, ಏನನ್ನೂ ಹೇಳದೆ, ಸೀಮೆಸುಣ್ಣದ ಡಬ್ಬಿಯನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಸಂಜೆ ಅವರು ತಮ್ಮ ದಿನಚರಿಯ ಪುಸ್ತಕದಲ್ಲಿ ಅದನ್ನು ಬರೆದಿಟ್ಟರೆಂದು ಆಮೇಲೆ ತಿಳಿಯಿತು.

ಆ ದಿನಚರಿಯೇ ಅವರ ಪಠ್ಯಕ್ರಮವೆನ್ನಬೇಕು. ಅದರಲ್ಲಿ ಪಾಠಗಳ ಹೆಸರಿನ ಜೊತೆಜೊತೆಗೇ ಮನೆವಾರ್ತೆಯೂ ಇತ್ತು: ದೋಸೆಗೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಎಂಬ ಲೆಕ್ಕದಲ್ಲಿ ಎರಡು ಪಾವು ಅಕ್ಕಿಗೆ ಎಷ್ಟು ಉದ್ದೆಂದು ಕೇಳಿ, ಮಗಳು ಮುಕ್ಕಾಲು ಎಂದು ಹೇಳಿ ತಪ್ಪಿ, ಹಿಟ್ಟು ಹದಗೆಟ್ಟು, ಮರುದಿನ ಮೂರನೆಯ ಎರಡು ಭಾಗವೆಂಬುದನ್ನು ಅಳೆದು ಕಂಡುಕೊಂಡ ಕಥೆ; ಅಜ್ಜನು ದೀಪ ಹಚ್ಚಿದ ಮೇಲೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಅರುವತ್ತು ಸಂವತ್ಸರಗಳ ಹೆಸರನ್ನೂ ಬಾಯಿಪಾಠ ಮಾಡಿಸಿದ ದಿನಗಳು; ಏನೂ ಮಾಡಲಿಲ್ಲ, ಎಲ್ಲರಿಗೂ ನೆಗಡಿ ಎಂದು ಬರೆದ ಒಂದು ವಾರ. ಹೊಸದಾಗಿ ಈ ಕೆಲಸಕ್ಕೆ ಇಳಿದಿರುವ ತಾಯಿಯೊಬ್ಬಳು ಆ ಕೊನೆಯ ಪುಟವನ್ನೇ ಎರಡು ಸಲ ಓದಿ ನಿಟ್ಟುಸಿರು ಬಿಟ್ಟದ್ದನ್ನು ನೋಡಿದೆನು.

ಮೂರು ವರ್ಷದವನ ಪ್ರಶ್ನೆಗೆ ಅಂದು ಬಂದ ಉತ್ತರಗಳಲ್ಲಿ ಹೆಚ್ಚು ಜನ ಒಪ್ಪಿದ್ದು ಇದು: ಮೊದಲ ಅರ್ಧ ಗಂಟೆಯನ್ನು ಚಿಕ್ಕವನಿಗೇ ಕೊಡಿರಿ. ತಾಯಿಯ ಮಡಿಲು ತನಗೆ ಸಿಕ್ಕಿತೆಂದು ತೃಪ್ತನಾದ ಮಗು ಮುಂದಿನ ಒಂದು ಗಂಟೆ ತಾನಾಗಿ ಆಡುತ್ತದೆ. ಮೊದಲು ಅಕ್ಕನ ಪಾಠವಾಗಲಿ, ಆಮೇಲೆ ನೀನು ಎಂದು ಅವನನ್ನು ಕಾಯಿಸಿದರೆ ಅಕ್ಕನ ಪಾಠವೂ ಆಗುವುದಿಲ್ಲ. ಮುಚ್ಚಳ ತೆಗೆದು ಹಾಕಬಹುದಾದ ಹಳೆಯ ಡಬ್ಬಿಗಳನ್ನು ಒಂದು ಬುಟ್ಟಿಯಲ್ಲಿ ತುಂಬಿ, ಪಾಠದ ಹೊತ್ತಿನಲ್ಲಿ ಮಾತ್ರ ಆ ಬುಟ್ಟಿಯನ್ನು ಕೆಳಗಿಳಿಸುವ ಉಪಾಯವನ್ನು ಇನ್ನೊಬ್ಬರು ಹೇಳಿದರು. ಎರಡು ಮನೆಗಳವರು ಪ್ರತಿ ಗುರುವಾರ ಮಕ್ಕಳನ್ನು ಬದಲಾಯಿಸಿಕೊಳ್ಳುತ್ತಿದ್ದರು: ಒಂದು ವಾರ ಇವರ ಮನೆಯಲ್ಲಿ ನಾಲ್ವರೂ, ಮರುವಾರ ಅವರ ಮನೆಯಲ್ಲಿ. ಆ ಗುರುವಾರವನ್ನು ಬಿಟ್ಟರೆ ತಾನು ಒಂಟಿಯಾಗಿ ಕುಳಿತು ಒಂದು ಲೋಟ ಕಾಫಿಯನ್ನು ಬಿಸಿಯಾಗಿರುವಾಗಲೇ ಕುಡಿದ ದಿನ ನಾಲ್ಕು ವರ್ಷದಲ್ಲಿ ಇಲ್ಲವೆಂದು ಆ ಎರಡು ಮನೆಗಳ ತಾಯಂದಿರಲ್ಲಿ ಒಬ್ಬಳು ಹೇಳುವಾಗ ಅವಳ ಕಣ್ಣು ತೇವವಾಗಿತ್ತು. ಈ ಭಾರವು ಬಹುಪಾಲು ಮನೆಗಳಲ್ಲಿ ತಾಯಿಯ ಹೆಗಲಿನ ಮೇಲೆಯೇ ಬಿದ್ದಿರುವುದನ್ನು ಬರೆಯದೆ ಬಿಟ್ಟರೆ ಅನ್ಯಾಯವಾದೀತು. ರಾತ್ರಿ ಮನೆಗೆ ಬಂದು ಇಂದು ಏನು ಕಲಿಸಿದೆ ಎಂದು ಕೇಳುವ ತಂದೆಯು ಕಲಿಸುವವನಲ್ಲ. ಒಂದು ವಿಷಯವನ್ನು, ಅದು ಭೂಗೋಳವಾಗಲಿ ಬಡಗಿತನವಾಗಲಿ, ಪೂರ್ತಿಯಾಗಿ ತನ್ನದೆಂದು ಹೊತ್ತುಕೊಂಡ ತಂದೆಯಿದ್ದ ಮನೆಗಳ ಮುಖದಲ್ಲಿಯೇ ಬೇರೊಂದು ಕಳೆಯಿತ್ತು.

ಈ ಮಾತು ಬಂದಾಗ ನನಗೆ ನೆನಪಾದದ್ದು ಗಾಂಧೀಜಿಯವರ ಆತ್ಮಕಥೆಯ ಕೆಲವು ಪುಟಗಳು. 1897ರ ಜನವರಿಯಲ್ಲಿ ಅವರು ಡರ್ಬನ್ನಿನಲ್ಲಿ ಇಳಿದಾಗ ಜೊತೆಯಲ್ಲಿ ಮೂವರು ಮಕ್ಕಳಿದ್ದರು: ಹತ್ತು ವರ್ಷದ ಸೋದರಳಿಯ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಗಂಡುಮಕ್ಕಳು. ಐರೋಪ್ಯರ ಶಾಲೆಯಲ್ಲಿ ತಮ್ಮ ಮಕ್ಕಳಿಗೆ ಮಾತ್ರ ವಿಶೇಷ ಕೃಪೆಯಿಂದ ದೊರೆಯಬಹುದಾಗಿದ್ದ ಸ್ಥಳವು, ಇತರ ಭಾರತೀಯರ ಮಕ್ಕಳಿಗೆ ಇಲ್ಲದ್ದರಿಂದ, ಅವರಿಗೆ ಬೇಡವಾಯಿತು. ತಿಂಗಳಿಗೆ ಏಳು ಪೌಂಡುಗಳ ಸಂಬಳದ ಮೇಲೆ ಒಬ್ಬ ಆಂಗ್ಲ ಮಹಿಳೆಯನ್ನು ಪಾಠಕ್ಕೆ ನೇಮಿಸಿದರು. ತಾವು ಮಕ್ಕಳೊಡನೆ ಗುಜರಾತಿಯನ್ನೇ ಆಡಿದರು. ಮುಂದೆ ಜೋಹಾನ್ಸ್‌ಬರ್ಗಿನಲ್ಲಿ, ಮನೆಯಿಂದ ಕಚೇರಿಗೂ ಕಚೇರಿಯಿಂದ ಮನೆಗೂ ಒಟ್ಟು ಐದು ಮೈಲಿ ನಡೆಯುವಾಗ ಮಕ್ಕಳನ್ನು ಜೊತೆಗೆ ಕರೆದುಕೊಂಡು, ನಡೆಯುತ್ತಲೇ ಪಾಠ ಹೇಳುತ್ತಿದ್ದರು. ದಾರಿಯಲ್ಲಿ ಬೇರೆ ಯಾರಾದರೂ ಗಮನವನ್ನು ಸೆಳೆದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಮಕ್ಕಳಿಗೆ ತಾವು ಬಯಸಿದಷ್ಟು ಕಾಲವನ್ನು ಕೊಡಲಾಗಲಿಲ್ಲವೆಂದೂ, ಅಕ್ಷರವಿದ್ಯೆಯ ಕೊರತೆಯ ಬಗ್ಗೆ ಮಕ್ಕಳಿಗೆ ತಮ್ಮ ಮೇಲೆ ಅಸಮಾಧಾನವಿದ್ದುದು ನಿಜವೆಂದೂ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಿರಿಯ ಮಗ ಹರಿಲಾಲರು ಓದಬೇಕೆಂಬ ಹಂಬಲದಿಂದಲೇ 1911ರಲ್ಲಿ ತಂದೆಯನ್ನು ಅಗಲಿ ಭಾರತಕ್ಕೆ ಬಂದರು. ತತ್ತ್ವದಲ್ಲಿ ಅಷ್ಟು ದೃಢವಾಗಿದ್ದ ಮನೆಯಲ್ಲಿಯೂ ಕೊರತೆ ಬಿದ್ದದ್ದು ಹೊತ್ತಿಗೆ. ಬೇರೊಬ್ಬರು ಎದುರಾದ ಕೂಡಲೆ ನಿಂತುಹೋದ ಆ ದಾರಿಯ ಪಾಠಕ್ಕೆ. ಮನೆಯಲ್ಲಿ ಕಲಿಸುವೆನೆಂದು ಹೊರಡುವ ಪ್ರತಿಯೊಬ್ಬ ತಂದೆಯೂ ತಾಯಿಯೂ ಆ ಅಧ್ಯಾಯಗಳನ್ನು ಓದಬೇಕು. ನಮ್ಮ ಆದರ್ಶಗಳ ಬೆಲೆಯನ್ನು ತೆರುವವರು ಮಕ್ಕಳೂ ಆಗಿರುತ್ತಾರೆಂಬುದನ್ನು ಅಷ್ಟು ನೇರವಾಗಿ ಹೇಳಿದ ತಂದೆ ಇನ್ನೊಬ್ಬನನ್ನು ನಾನು ಓದಿಲ್ಲ.

ಮನೆಯಲ್ಲಿ ಕಲಿತ ಮಗುವು ಮುಂದೆ ಪರೀಕ್ಷೆಗೆ ಕುಳಿತುಕೊಳ್ಳಬೇಕಾದಾಗ ಇಂದು ದಾರಿಯಿದೆ. 1989ರಲ್ಲಿ ಸ್ಥಾಪಿತವಾಗಿ, ಎನ್‌ಐಓಎಸ್ ಎಂದು ಎಲ್ಲರ ಬಾಯಲ್ಲಿರುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು 3, 5 ಮತ್ತು 8ನೆಯ ತರಗತಿಗಳಿಗೆ ಸಮಾನವಾದ ಮೂರು ಹಂತಗಳನ್ನು ಇಟ್ಟಿದೆ. ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಗೆ 14 ವರ್ಷ ತುಂಬಿದವರು ಸೇರಬಹುದು. ಐದು ವಿಷಯಗಳು ಸಾಕು, ಅವುಗಳಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂಬ ಕಟ್ಟಿಲ್ಲ, ವರ್ಷಕ್ಕೆರಡು ಸಲ ನಡೆಯುವ ಪರೀಕ್ಷೆಗಳಲ್ಲಿ ಐದು ವರ್ಷಗಳೊಳಗೆ ಬಿಡಿಬಿಡಿಯಾಗಿ ಮುಗಿಸಬಹುದು. ಅಕ್ಷರ ಕಲಸುವ ತೊಂದರೆಯಿದ್ದ ಆ ಹುಡುಗನು ವರ್ಷಕ್ಕೆ ಎರಡು ವಿಷಯಗಳಂತೆ ಬರೆಯುತ್ತಿದ್ದಾನೆ. ಅವನ ತಂದೆ ಅರ್ಜಿ ತುಂಬುವ ಕ್ರಮವನ್ನೂ, ಯಾವ ದಾಖಲೆಯ ಎಷ್ಟು ಪ್ರತಿ ಬೇಕೆಂಬುದನ್ನೂ ಒಂದು ಹಾಳೆಯಲ್ಲಿ ಬರೆದು, ನೆರಳಚ್ಚು ತೆಗೆಸಿ ಎಲ್ಲರಿಗೂ ಹಂಚಿದರು.

ಇದನ್ನೆಲ್ಲ ಓದಿ, ಶಾಲೆಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ತಾಯಿ ಕೂಲಿಗೆ ಹೋಗುವ ಮನೆಯಲ್ಲಿ, ಓದು ಬರದ ತಂದೆಯ ಮನೆಯಲ್ಲಿ, ಊರಿನ ಸರ್ಕಾರಿ ಶಾಲೆಯೊಂದೇ ಮಗುವಿಗೆ ಹೊರಲೋಕದ ಬಾಗಿಲು. ಅಲ್ಲಿ ಮಧ್ಯಾಹ್ನ ಬಿಸಿಯೂಟವೂ ಇದೆ, ಜಾತಿಭೇದವಿಲ್ಲದ ಒಂದು ಪಂಕ್ತಿಯೂ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಉಪಾಧ್ಯಾಯರು ಆರಂಭಿಸಿದ ನಲಿ-ಕಲಿಯು, ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಏರಬೇಕೆಂಬ ತತ್ತ್ವವನ್ನು ಈ ಮನೆಗಳಿಗಿಂತ ಎಷ್ಟೋ ಮೊದಲು, ಎಷ್ಟೋ ಹೆಚ್ಚು ಮಕ್ಕಳಿಗಾಗಿ ಆಚರಣೆಗೆ ತಂದಿತು. ಆ ಕಾರ್ಡುಗಳ ಒಂದು ಕಟ್ಟು ಅಂದು ಚಾಪೆಯ ಮೇಲೆಯೂ ಇತ್ತು. ಯಾರೋ ಉಪಾಧ್ಯಾಯರು ತಮ್ಮ ಬಳಿ ಮಿಕ್ಕಿದ್ದನ್ನು ಕೊಟ್ಟು ಕಳುಹಿಸಿದ್ದರಂತೆ.

ಮಧ್ಯಾಹ್ನ ಚಿತ್ರಾನ್ನ ಮೊಸರನ್ನಗಳ ಊಟವಾದ ಮೇಲೆ ಪುಸ್ತಕಗಳು ಒಂದೊಂದಾಗಿ ಚೀಲಗಳನ್ನು ಸೇರಿದವು. ಆ ಗಣಿತದ ಪುಸ್ತಕವನ್ನು ಕೇಳಿದವಳು, ನೆಗಡಿಯ ವಾರದ ಪುಟವನ್ನು ಎರಡು ಸಲ ಓದಿದ್ದ ಆ ಹೊಸ ತಾಯಿಯೇ. ತುಮಕೂರಿನ ಕಡೆಯವಳು, ಮಗನಿಗೆ ಏಳೂವರೆ ವರ್ಷ. ಅವಳು ನಿಂತಲ್ಲಿಯೇ ಪುಟ ತಿರುಗಿಸುತ್ತ ತೂಕದ ಪಾಠದವರೆಗೆ ಬಂದು, ಅಂಚಿನ ಪೆನ್ಸಿಲನ್ನೂ ನೀಲಿ ಮಸಿಯನ್ನೂ ಓದಿ, ನಮ್ಮಲ್ಲಿಯೂ ತಕ್ಕಡಿ ಇಲ್ಲ ಎಂದಳು. ಮನೆಯೊಡತಿ ಸ್ವಲ್ಪ ಇರಿ ಎಂದು ಒಳಗೆ ಹೋಗಿ, ಕೋಣೆಯ ಅಟ್ಟದ ಮೇಲಿನಿಂದ ಧೂಳು ಕೊಡವುತ್ತ ಒಂದು ತಂತಿಯ ಹ್ಯಾಂಗರನ್ನು ತಂದರು. ಎರಡು ತೆಂಗಿನ ಚಿಪ್ಪುಗಳು ಸೆಣಬಿನ ಹುರಿಯಲ್ಲಿ ಇನ್ನೂ ಅದಕ್ಕೆ ಜೋತುಬಿದ್ದಿದ್ದವು. ಎಡಗಡೆಯದು ಸ್ವಲ್ಪ ಭಾರ, ಬಲಗಡೆಗೆ ಒಂದು ಹುಣಸೆಬೀಜ ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಹೇಳಿ, ಪುಸ್ತಕದ ಜೊತೆಗೆ ಅದನ್ನೂ ಅವಳ ಕೈಗೆ ಕೊಟ್ಟರು.